ಕೈಪಿಡಿಗೆ ಯಾವ ಪರವಾನಗಿ?



ಗಣಕ ಮತ್ತು ಕನ್ನಡ ಎಂದ ಕೂಡಲೇ ನಮ್ಮ ವೇದಿಕೆಗಳಲ್ಲಿ ಮಾತು ಫಾಂಟಿಗೆ, ಕೀಲಿಮಣೆಗೆ, ಯೂನಿಕೋಡಿಗೆ ಹೋಗುತ್ತದೆ. ವರ್ಷಗಟ್ಟಲೆ ಅದನ್ನೇ ಮಾತಾಡಿದ್ದೇವೆ, ಮಾತಾಡಬೇಕಾಗಿಯೂ ಇತ್ತು. ಇವತ್ತು ನಾನು ಎತ್ತಿಕೊಂಡಿರುವುದು ಅದಕ್ಕಿಂತ ಒಣ ವಿಷಯ. ಹತ್ತಾರು ಜನ ಸೇರಿ ಒಂದು ತಂತ್ರಾಂಶಕ್ಕೆ ಕೈಪಿಡಿ ಬರೆದರೆ, ಅದರ ಮೊದಲ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಏನು ಬರೆದಿರಬೇಕು ಎಂಬುದು. ಆ ಸಣ್ಣಕ್ಷರವನ್ನು ಯಾರೂ ಓದುವುದಿಲ್ಲ ನಿಜ. ಆದರೆ ಹತ್ತು ವರ್ಷ ಕಳೆದ ಮೇಲೆ ಆ ಕೈಪಿಡಿ ಬದುಕಿರುತ್ತದೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ಅದೇ ತೀರ್ಮಾನಿಸುತ್ತದೆ.

ತಂತ್ರಾಂಶ ಎಂದರೆ ಎರಡು ಬರಹ. ಒಂದು ಯಂತ್ರಕ್ಕೆ, ಒಂದು ಮನುಷ್ಯರಿಗೆ. ಯಂತ್ರಕ್ಕೆ ಬರೆದ ಕೋಡಿನ ಪರವಾನಗಿಯ ಬಗ್ಗೆ ಮುಕ್ತ ತಂತ್ರಾಂಶದವರು ಮೊದಲ ದಿನವೇ ಜಗಳವಾಡಿ ಮುಗಿಸಿರುತ್ತಾರೆ. ಜಿಪಿಎಲ್ ಇರಲಿ, ಅಪಾಚೆ ಇರಲಿ, ಎಂಐಟಿ ಇರಲಿ, ಯಾವುದೋ ಒಂದು ನಿಂತಿರುತ್ತದೆ. ಮನುಷ್ಯರಿಗೆ ಬರೆದದ್ದರ ಗತಿ ಹಾಗಲ್ಲ. ಒಬ್ಬರು ಅನುಸ್ಥಾಪನೆಯ ನಾಲ್ಕು ಹೆಜ್ಜೆ ಬರೆದಿಡುತ್ತಾರೆ. ಇನ್ನೊಬ್ಬರು ಅದರಲ್ಲಿ ತಪ್ಪು ತಿದ್ದುತ್ತಾರೆ. ಕಾಲೇಜು ಹುಡುಗಿಯೊಬ್ಬಳು ಸ್ಕ್ರೀನ್‌ಶಾಟ್ ಹಾಕುತ್ತಾಳೆ. ಮತ್ಯಾರೋ ಕನ್ನಡಕ್ಕೆ ತರುತ್ತಾರೆ. ಯಾರೂ ಯಾರನ್ನೂ ಏನೂ ಕೇಳಿರುವುದಿಲ್ಲ. ಎಲ್ಲರಿಗೂ ಇದು ಎಲ್ಲರದ್ದು ಎಂಬ ಭಾವನೆ.

ಕಾನೂನಿಗೆ ಆ ಭಾವನೆ ಗೊತ್ತಿಲ್ಲ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಗಳಿಗೆಯಿಂದಲೇ ಬರಹ ಬರೆದವರ ಸ್ವತ್ತು. ನೋಂದಣಿ ಬೇಡ, ಮುದ್ರೆ ಬೇಡ, ಅರ್ಜಿ ಬೇಡ. ನೌಕರಿಯ ಭಾಗವಾಗಿ ಬರೆದಿದ್ದರೆ ಸಾಮಾನ್ಯವಾಗಿ ಸಂಸ್ಥೆಯ ಸ್ವತ್ತು. ಬರೆದವರು ತೀರಿಕೊಂಡ ಮೇಲೂ 60 ವರ್ಷ ಆ ಹಕ್ಕು ನಡೆಯುತ್ತದೆ. ನಕಲು ಮಾಡುವುದು, ಪ್ರಕಟಿಸುವುದು, ಅನುವಾದಿಸುವುದು ಎಲ್ಲಕ್ಕೂ ಅವರ ಅನುಮತಿ ಬೇಕು. ಅಂದರೆ ಮೂವತ್ತು ಜನ ಸೇರಿ ಬರೆದ, ಪರವಾನಗಿಯೇ ಇಲ್ಲದ ಕೈಪಿಡಿಗೆ ಮೂವತ್ತು ಯಜಮಾನರು. ಅವರಲ್ಲಿ ನಾಲ್ವರ ಇಮೇಲ್ ವಿಳಾಸ ಸತ್ತುಹೋಗಿದ್ದರೆ ಆ ಕೈಪಿಡಿಯನ್ನು ಕಾನೂನುಬದ್ಧವಾಗಿ ಮುದ್ರಿಸುವ ದಾರಿ ಮುಚ್ಚಿದಂತೆಯೇ.

ದತ್ತಿ ಉಪನ್ಯಾಸದಲ್ಲಿ ನಿಂತಿರುವುದರಿಂದ ಇದನ್ನು ಹೇಳುವುದು ನನಗೆ ಸುಲಭ. ದತ್ತಿ ಇಡುವವರು ಹಣದ ಜೊತೆ ಒಂದು ಷರತ್ತಿನ ಪತ್ರ ಕೊಡುತ್ತಾರೆ. ಮೂಲಧನ ಮುಟ್ಟಬಾರದು, ಬಡ್ಡಿಯಲ್ಲಿ ಉಪನ್ಯಾಸ ನಡೆಯಬೇಕು, ವಿಷಯ ಇಂಥದ್ದಿರಬೇಕು ಎಂದು. ಕೊಟ್ಟವರು ಇಲ್ಲದ ಕಾಲಕ್ಕೂ ಆ ಪತ್ರವೇ ಮಾತಾಡುತ್ತದೆ. ಷರತ್ತು ಹದವಾಗಿದ್ದರೆ ದತ್ತಿ ನಡೆಯುತ್ತದೆ. ಅತಿಯಾಗಿದ್ದರೆ ಹಣ ಬ್ಯಾಂಕಿನಲ್ಲಿ ಕೊಳೆಯುತ್ತದೆ. ಕೈಪಿಡಿಯ ಪರವಾನಗಿಯೂ ಅಂಥದೇ ಪತ್ರ. ಅದನ್ನು ಆರಿಸುವಾಗ ‘ನನ್ನ ಬರಹವನ್ನು ಯಾರಾದರೂ ಕದ್ದರೆ?’ ಎಂದು ಕೇಳಿಕೊಳ್ಳುವವರೇ ಹೆಚ್ಚು. ನನ್ನ ಮಟ್ಟಿಗೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ಬರಹ ಮುಂದೆ ಎಲ್ಲೆಲ್ಲಿಗೆ ಹೋಗಬೇಕಾಗುತ್ತದೆ, ಅಲ್ಲಿಗೆ ಹೋಗಲು ಈ ಷರತ್ತು ಬಿಡುತ್ತದೆಯೇ? ಈ ಪ್ರಶ್ನೆ ಕೇಳಿಕೊಳ್ಳದೆ ದೊಡ್ಡವರೇ ಹೇಗೆ ಸಿಕ್ಕಿಕೊಂಡರು ಎಂಬ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಸ್ವತಂತ್ರ ತಂತ್ರಾಂಶ ಚಳವಳಿ ಹುಟ್ಟುಹಾಕಿದ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆಯನ್ನು ಘೋಷಿಸಿದ್ದು 1983ರಲ್ಲಿ. ಕೋಡಿಗಾಗಿ ಜಿಪಿಎಲ್ 1989ರಲ್ಲಿ ಬಂತು. ಮುಕ್ತ ತಂತ್ರಾಂಶ ಬೆಳೆಯಿತು, ಆದರೆ ಅದನ್ನು ವಿವರಿಸುವ ಒಳ್ಳೆಯ ಪುಸ್ತಕಗಳೆಲ್ಲ ಪ್ರಕಾಶಕರ ಕೈಯಲ್ಲಿದ್ದವು. ಪರ್ಲ್ ಭಾಷೆ ಮುಕ್ತ, ಅದರ ಒಳ್ಳೆಯ ಕೈಪಿಡಿಗಳು ಮುಕ್ತವಲ್ಲ. ತಂತ್ರಾಂಶವನ್ನು ತಿದ್ದಿದವನಿಗೆ ಅದರ ಕೈಪಿಡಿಯನ್ನು ತಿದ್ದುವ ಹಕ್ಕಿಲ್ಲದಿದ್ದರೆ ಕೈಪಿಡಿ ಮರುದಿನವೇ ಸುಳ್ಳು ಹೇಳತೊಡಗುತ್ತದೆ ಎಂದು ಸ್ಟಾಲ್ಮನ್ ವಾದಿಸಿದರು. ಆ ವಾದದಲ್ಲಿ ಇವತ್ತಿಗೂ ಒಂದಕ್ಷರ ಬದಲಿಸಬೇಕಿಲ್ಲ. ಅದಕ್ಕೆ ಪರಿಹಾರವೆಂದು ಅವರ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ 2000ದಲ್ಲಿ ತಂದದ್ದು ಗ್ನೂ ಮುಕ್ತ ದಾಖಲೆ ಪರವಾನಗಿ, ಅಂದರೆ ಜಿಎಫ್‌ಡಿಎಲ್. ಅದಕ್ಕೂ ಮುಂಚೆ 1999ರಲ್ಲಿ ಡೇವಿಡ್ ವೈಲಿ ಅವರ ಓಪನ್ ಪಬ್ಲಿಕೇಶನ್ ಲೈಸೆನ್ಸ್ ಬಂದಿತ್ತು. ಬೇಕೆಂದರೆ ತಿದ್ದುಪಡಿಯನ್ನೋ ವ್ಯಾಪಾರಿ ಮುದ್ರಣವನ್ನೋ ತಡೆಯುವ ಎರಡು ಐಚ್ಛಿಕ ಷರತ್ತುಗಳು ಅದರಲ್ಲಿದ್ದವು. ಫೆಡೋರಾ ಎಂಬ ಲಿನಕ್ಸ್ ವಿತರಣೆಯವರು ಅದನ್ನು ಕೆಲಕಾಲ ಬಳಸಿ 2009ರಲ್ಲಿ ಕೈಬಿಟ್ಟರು. ಅದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಜಿಎಫ್‌ಡಿಎಲ್ ಬಗ್ಗೆ ಹೇಳಲೇಬೇಕು. ಅದರ ಉದ್ದೇಶ ಒಳ್ಳೆಯದು: ವ್ಯಾಪಾರಿ ಪ್ರಕಾಶಕರು ಮುಕ್ತ ಕೈಪಿಡಿಗಳನ್ನು ಅಚ್ಚು ಹಾಕಿ ಮಾರುವಂತಾಗಬೇಕು, ಆದರೂ ಬರಹ ಮುಕ್ತವಾಗಿಯೇ ಉಳಿಯಬೇಕು. ಅದನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಅಚ್ಚಾದ ಪುಸ್ತಕ, ರಟ್ಟು, ಬೆನ್ನುಪುಟ, ಶೀರ್ಷಿಕೆ ಪುಟ. ಹಾಗಾಗಿ ಅದರಲ್ಲಿ ರಕ್ಷಾಪುಟದ ಪಠ್ಯ ಎಂಬ ವ್ಯವಸ್ಥೆಯಿದೆ. ಮುಂಪುಟದಲ್ಲಿ ಐದು ಪದ, ಹಿಂಪುಟದಲ್ಲಿ ಇಪ್ಪತ್ತೈದು ಪದದವರೆಗೆ ‘ಇದು ಇರಲೇಬೇಕು’ ಎಂದು ಮೂಲ ಲೇಖಕರು ಹಾಕಬಹುದು. ಅಂಥ ಪಠ್ಯವಿರುವ ಕೈಪಿಡಿಯ ನೂರಕ್ಕಿಂತ ಹೆಚ್ಚು ಪ್ರತಿ ಅಚ್ಚು ಹಾಕಿದರೆ ಆ ಪದಗಳು ರಕ್ಷಾಪುಟದಲ್ಲಿ ಸ್ಪಷ್ಟವಾಗಿ ಇರಬೇಕು. ತಿದ್ದಿದ ಆವೃತ್ತಿಯಾದರೆ ಶೀರ್ಷಿಕೆ ಪುಟದಲ್ಲಿ ತಿದ್ದಿದವರ ಜೊತೆ ಮೂಲದ ಮುಖ್ಯ ಲೇಖಕರಲ್ಲಿ ಕನಿಷ್ಠ ಐವರ ಹೆಸರಿರಬೇಕು. ‘ಇತಿಹಾಸ’ ಎಂಬ ಭಾಗವನ್ನು ಉಳಿಸಿ ಅದಕ್ಕೆ ಸೇರಿಸುತ್ತಾ ಹೋಗಬೇಕು. ಕೃತಜ್ಞತೆ, ಅರ್ಪಣೆ ಎಂಬ ಭಾಗಗಳಿದ್ದರೆ ಅವುಗಳ ಶೀರ್ಷಿಕೆಯನ್ನೂ ಒಳಗಿನ ಧಾಟಿಯನ್ನೂ ಕಾಪಾಡಬೇಕು. ಪರವಾನಗಿಯ ಪೂರ್ತಿ ಪಠ್ಯ ಪ್ರತಿ ಪ್ರತಿಯಲ್ಲೂ ಇರಬೇಕು.

ಇವೆಲ್ಲಕ್ಕಿಂತ ಬಿಗಿಯಾದದ್ದು ಬದಲಿಸಲಾಗದ ಭಾಗ ಎಂಬ ಕಲ್ಪನೆ. ಕೈಪಿಡಿಯ ವಿಷಯಕ್ಕೆ ನೇರ ಸಂಬಂಧವಿಲ್ಲದ, ಲೇಖಕರ ನಿಲುವನ್ನು ಹೇಳುವ ಅಧ್ಯಾಯಗಳನ್ನು ‘ಇವನ್ನು ಮುಟ್ಟಬಾರದು, ತೆಗೆಯಬಾರದು’ ಎಂದು ಗುರುತು ಹಾಕಿಬಿಡಬಹುದು. ಗ್ನೂ ಯೋಜನೆಯ ಪಠ್ಯ ಸಂಪಾದಕ ಇಮ್ಯಾಕ್ಸ್‌ನ ಕೈಪಿಡಿಯಲ್ಲಿ ಅಂಥವು ಮೂರು: 1985ರ ಗ್ನೂ ಪ್ರಣಾಳಿಕೆ, ವಿತರಣೆಯ ಅಧ್ಯಾಯ, ಜಿಪಿಎಲ್‌ನ ಪಠ್ಯ. ಪ್ರಣಾಳಿಕೆ ಒಳ್ಳೆಯ ಬರಹವೇ, ನಾನೂ ಮೆಚ್ಚುವವನು. ಆದರೆ ಶಾಲಾ ಮಕ್ಕಳಿಗಾಗಿ ಇಮ್ಯಾಕ್ಸ್ ಕೈಪಿಡಿಯಿಂದ ನಾಲ್ಕು ಪುಟದ ಕನ್ನಡ ಸಾರ ಮಾಡಬೇಕು ಎಂದುಕೊಳ್ಳಿ. ನಾಲ್ಕು ಪುಟದ ಹಿಂದೆ ಪ್ರಣಾಳಿಕೆ ಬರಬೇಕು, ವಿತರಣೆಯ ಅಧ್ಯಾಯ ಬರಬೇಕು, ಜಿಪಿಎಲ್ ಬರಬೇಕು, ಜಿಎಫ್‌ಡಿಎಲ್ ಬರಬೇಕು. ಇನ್ನೂ ಒಂದು ಸೂಕ್ಷ್ಮವಿದೆ. ಬದಲಿಸಲಾಗದ ಭಾಗವನ್ನು ಅನುವಾದಿಸಿ ಮೂಲದ ಜಾಗದಲ್ಲಿ ಇಡಲು ಹಕ್ಕುದಾರರ ವಿಶೇಷ ಅನುಮತಿ ಬೇಕು. ಅನುಮತಿ ಇಲ್ಲದಿದ್ದರೆ ಅನುವಾದವನ್ನು ಸೇರಿಸಬಹುದು, ಮೂಲವನ್ನು ತೆಗೆಯುವಂತಿಲ್ಲ. ಅಂದರೆ ಕನ್ನಡದ ಆ ಪುಟ್ಟ ಪುಸ್ತಕದಲ್ಲಿ ಕನ್ನಡಕ್ಕಿಂತ ಇಂಗ್ಲಿಷೇ ಹೆಚ್ಚು. ಅಚ್ಚಿನ ಖರ್ಚು ಕೊಡುವವರಿಗೆ ಇದನ್ನು ವಿವರಿಸುವುದು ಹೇಗೆ ಎಂದು ನನಗೆ ತಿಳಿಯದು.

ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಸಮುದಾಯ ಈ ಬಗ್ಗೆ ವರ್ಷಗಟ್ಟಲೆ ಚರ್ಚೆ ಮಾಡಿತು. ಅವರಿಗೆ 1997ರಿಂದಲೂ ತಮ್ಮದೇ ಮುಕ್ತ ತಂತ್ರಾಂಶ ಮಾರ್ಗಸೂಚಿಯಿದೆ. ಆ ಮಾರ್ಗಸೂಚಿ ಕೋಡಿಗೆ ಮಾತ್ರವೋ, ಕೈಪಿಡಿಗೂ ಅನ್ವಯವೋ ಎಂಬುದೇ ದೊಡ್ಡ ಪ್ರಶ್ನೆಯಾಯಿತು. ಕೊನೆಗೆ 2006ರಲ್ಲಿ ಮತಕ್ಕೆ ಹಾಕಿದರು. ಬದಲಿಸಲಾಗದ ಭಾಗಗಳಿಲ್ಲದ ಜಿಎಫ್‌ಡಿಎಲ್ ಕೈಪಿಡಿ ಮುಕ್ತ, ಅಂಥ ಭಾಗವಿದ್ದರೆ ಮುಕ್ತವಲ್ಲ ಎಂಬ ತೀರ್ಮಾನ ಬಂತು. ಹಾಗಾಗಿ ಡೆಬಿಯನ್‌ನಲ್ಲಿ ಇಮ್ಯಾಕ್ಸ್ ಮುಖ್ಯ ಭಂಡಾರದಲ್ಲಿದೆ, ಅದರ ಕೈಪಿಡಿ ‘ನಾನ್-ಫ್ರೀ’ ವಿಭಾಗದಲ್ಲಿದೆ. ಸ್ವತಂತ್ರ ತಂತ್ರಾಂಶ ಚಳವಳಿ ಹುಟ್ಟುಹಾಕಿದವರ ತಂತ್ರಾಂಶ, ಆ ಚಳವಳಿಯ ಪ್ರಣಾಳಿಕೆಯನ್ನು ಕೈಪಿಡಿ ಹೊತ್ತ ಕಾರಣಕ್ಕೇ ಅದರಿಂದ ಬೇರೆಯಾಗಿ ಕೂತಿದೆ. ತಂತ್ರಾಂಶದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ವ್ಯಂಗ್ಯವನ್ನು ನಾನು ಕಂಡಿಲ್ಲ.

ಇನ್ನೊಂದು ತೊಡಕು ಹೊರಗಿನವರಿಗೆ ಕಾಣುವುದಿಲ್ಲ, ಬರೆಯುವವರಿಗೆ ದಿನವೂ ತಾಗುತ್ತದೆ. ತಂತ್ರಾಂಶದ ಕೋಡಿನೊಳಗೂ ವಿವರಣೆಯ ಸಾಲುಗಳಿರುತ್ತವೆ. ಒಂದು ಆಜ್ಞೆ ಏನು ಮಾಡುತ್ತದೆ ಎಂದು ಪ್ರೋಗ್ರಾಮರ್ ಕೋಡಿನ ಪಕ್ಕದಲ್ಲೇ ಬರೆದಿರುತ್ತಾನೆ. ಕೈಪಿಡಿ ಬರೆಯುವವಳು ಆ ಸಾಲನ್ನು ಎತ್ತಿ ಕೈಪಿಡಿಗೆ ಹಾಕಬೇಕು, ಕೈಪಿಡಿಯಲ್ಲಿ ಚೆನ್ನಾಗಿ ಮೂಡಿದ ವಾಕ್ಯವನ್ನು ಅವನು ಕೋಡಿಗೆ ಹಾಕಿಕೊಳ್ಳಬೇಕು. ಬರಹ ಹೀಗೆ ಓಡಾಡಿದರೇ ಎರಡೂ ಸರಿಯಾಗಿರುವುದು. ಕೋಡು ಜಿಪಿಎಲ್, ಕೈಪಿಡಿ ಜಿಎಫ್‌ಡಿಎಲ್ ಆದರೆ ಈ ಓಡಾಟ ನಿಂತಿತು. ಎರಡೂ ಗ್ನೂ ಮನೆಯ ಪರವಾನಗಿಗಳಾದರೂ ಒಂದರ ಬರಹ ಇನ್ನೊಂದಕ್ಕೆ ಹೋಗುವಂತಿಲ್ಲ. ಜಿಸಿಸಿ ಕಂಪೈಲರಿನ ಅಭಿವೃದ್ಧಿಗಾರರು 2010ರಲ್ಲಿ ಇದೇ ಗೋಡೆಗೆ ಹಾಯ್ದರು. ಕೋಡಿನ ಟಿಪ್ಪಣಿಗಳಿಂದ ಕೈಪಿಡಿಯ ಭಾಗಗಳನ್ನು ತಾನಾಗಿ ತಯಾರಿಸಬೇಕೆಂದು ಹೊರಟರೆ, ಎರಡರ ಹಕ್ಕೂ ಪ್ರತಿಷ್ಠಾನದ ಕೈಯಲ್ಲೇ ಇದ್ದರೂ, ಅಭಿವೃದ್ಧಿಗಾರರು ತಾವಾಗಿ ಹಾಗೆ ಮಾಡುವಂತಿರಲಿಲ್ಲ.

ವಿಕಿಪೀಡಿಯ ಹುಟ್ಟಿದ್ದು 2001ರ ಜನವರಿಯಲ್ಲಿ. ಆಗ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಇನ್ನೂ ಇರಲಿಲ್ಲ, ಅವು ಬಂದದ್ದು 2002ರ ಡಿಸೆಂಬರಿನಲ್ಲಿ. ಸಿಕ್ಕಿದ್ದು ಜಿಎಫ್‌ಡಿಎಲ್. ತಂತ್ರಾಂಶದ ಕೈಪಿಡಿಗೆಂದು ಹೊಲಿದ ಅಂಗಿಯನ್ನು ವಿಶ್ವಕೋಶ ತೊಟ್ಟುಕೊಂಡಿತು. ನಮ್ಮ ಕನ್ನಡ ವಿಕಿಪೀಡಿಯವೂ 2003ರಲ್ಲಿ ಅದರ ಅಡಿಯಲ್ಲೇ ಶುರುವಾಯಿತು. ಒಂದು ಪುಟದ ಲೇಖನವನ್ನು ಮುದ್ರಿಸಿ ಹಂಚಲು ಹಲವು ಪುಟಗಳ ಪರವಾನಗಿ ಲಗತ್ತಿಸಬೇಕು. ಇದರಿಂದ ಬಿಡಿಸಿಕೊಳ್ಳಲು ವಿಕಿಮೀಡಿಯ ಪ್ರತಿಷ್ಠಾನ ಮತ್ತು ಸ್ಟಾಲ್ಮನ್ ಅವರ ಪ್ರತಿಷ್ಠಾನ ಮಾತುಕತೆ ನಡೆಸಬೇಕಾಯಿತು. 2008ರ ನವೆಂಬರಿನಲ್ಲಿ ಜಿಎಫ್‌ಡಿಎಲ್ 1.3 ಹೊರಬಂತು. ಬಹುಜನ ಸೇರಿ ಬರೆಯುವ ತಾಣಗಳು 2009ರ ಆಗಸ್ಟ್ 1ರೊಳಗೆ ಬೇಕಾದರೆ ಕ್ರಿಯೇಟಿವ್ ಕಾಮನ್ಸಿನ ಸಿಸಿ ಬೈ-ಎಸ್‌ಎ 3.0ಗೆ ಬದಲಾಗಬಹುದು ಎಂಬ ಒಂದು ಕಿಟಕಿಯನ್ನು ಅದರಲ್ಲಿ ತೆರೆದಿಟ್ಟಿದ್ದರು. ವಿಕಿಪೀಡಿಗರಲ್ಲಿ ಮತ ಕೇಳಿದಾಗ ಮುಕ್ಕಾಲು ಪಾಲು ಜನ ಹೌದೆಂದರು. 2009ರ ಜೂನ್‌ನಲ್ಲಿ ಬದಲಾವಣೆಯಾಯಿತು. ಈಗ 2023ರಿಂದ ವಿಕಿಪೀಡಿಯದ ಪಠ್ಯ ಸಿಸಿ ಬೈ-ಎಸ್‌ಎ 4.0 ಅಡಿಯಲ್ಲಿದೆ.

ಲಕ್ಷಾಂತರ ಜನ ಬರೆದದ್ದನ್ನು ಅವರೆಲ್ಲರ ಸಹಿಯಿಲ್ಲದೆ ಬದಲಿಸಲು ಸಾಧ್ಯವಾದದ್ದು ಹೇಗೆ? ಮೊದಲಿನಿಂದಲೂ ಅಲ್ಲಿ ‘ಈ ಆವೃತ್ತಿ ಅಥವಾ ಮುಂದಿನ ಯಾವುದೇ ಆವೃತ್ತಿ’ ಎಂಬ ನಾಲ್ಕಾರು ಪದಗಳಿದ್ದವು. ಹೊಸ ಆವೃತ್ತಿಯಲ್ಲಿ ಬಾಗಿಲು ತೆರೆದರೆ ಹಳೆಯ ಬರಹವೂ ಹೊರಗೆ ಬಂತು. ಅಂಥ ಬಾಗಿಲು ಇಲ್ಲದವರ ಪಾಡು ನೋಡಬೇಕೆಂದರೆ ಓಪನ್‌ಸ್ಟ್ರೀಟ್‌ಮ್ಯಾಪ್ ನೋಡಿ. ಮುಕ್ತ ನಕಾಶೆಯ ಆ ಸಮುದಾಯ ಸಿಸಿ ಬೈ-ಎಸ್‌ಎ 2.0ದಿಂದ ದತ್ತಾಂಶಕ್ಕೆಂದೇ ಬರೆದ ಇನ್ನೊಂದು ಪರವಾನಗಿಗೆ 2012ರಲ್ಲಿ ಬದಲಾಯಿತು. ಅದಕ್ಕಾಗಿ ಸದಸ್ಯರನ್ನು ಒಬ್ಬೊಬ್ಬರಾಗಿ ಕೇಳಿದರು. ಒಪ್ಪದವರ, ಉತ್ತರ ಕೊಡದವರ ಕೆಲಸವನ್ನು ನಕಾಶೆಯಿಂದ ಅಳಿಸಿದರು. ಯಾರೋ ಬೇಸಿಗೆ ರಜೆಯಲ್ಲಿ ಬೀದಿಬೀದಿ ಅಲೆದು ಹಾಕಿದ ರಸ್ತೆಗಳು ಹೋದವು, ಮತ್ತೆ ಹಾಕಬೇಕಾಯಿತು.

ಹಾಗಾದರೆ ಕ್ರಿಯೇಟಿವ್ ಕಾಮನ್ಸ್ ಹಾಕಿಬಿಟ್ಟರೆ ಮುಗಿಯಿತೇ? ಕನ್ನಡದ ಎಷ್ಟೋ ಪುಟಗಳಲ್ಲಿ ‘ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಡುಗಡೆ ಮಾಡಲಾಗಿದೆ’ ಎಂದಷ್ಟೇ ಬರೆದಿರುತ್ತಾರೆ. ಅದು ಏನೂ ಹೇಳದಿದ್ದಂತೆ. ಆ ಹೆಸರಿನಲ್ಲಿ ಆರು ಪರವಾನಗಿಗಳಿವೆ, ಪ್ರತಿಯೊಂದಕ್ಕೂ ಆವೃತ್ತಿಗಳಿವೆ. ಆರರಲ್ಲಿ ಮುಕ್ತ ತಂತ್ರಾಂಶದವರು ಒಪ್ಪುವುದು ಎರಡನ್ನೇ: ಹೆಸರು ಹೇಳಿ ಬಳಸಿ ಎನ್ನುವ ಸಿಸಿ ಬೈ, ಹೆಸರು ಹೇಳಿ ಬಳಸಿ ಮತ್ತು ತಿದ್ದಿದ್ದನ್ನೂ ಇದೇ ಷರತ್ತಿನಲ್ಲಿ ಕೊಡಿ ಎನ್ನುವ ಸಿಸಿ ಬೈ-ಎಸ್‌ಎ. ಉಳಿದ ನಾಲ್ಕರಲ್ಲಿ ಎನ್‌ಸಿ ಅಥವಾ ಎನ್‌ಡಿ ಎಂಬ ಬಾಲವಿದೆ, ಒಂದರಲ್ಲಿ ಎರಡೂ ಇವೆ.

ಎನ್‌ಡಿ ಎಂದರೆ ತಿದ್ದಿದ ರೂಪವನ್ನು ಹಂಚಬಾರದು. ಕೈಪಿಡಿಗೆ ಇದನ್ನು ಹಾಕಿದರೆ ಮುಂದಿನ ಆವೃತ್ತಿಯೂ ಇಲ್ಲ, ಅನುವಾದವೂ ಇಲ್ಲ. ಕನ್ನಡದವರು ಇದರ ಬಳಿ ಸುಳಿಯಲೇಬಾರದು.

ಎನ್‌ಸಿ, ಅಂದರೆ ವ್ಯಾಪಾರಕ್ಕೆ ಬಳಸಬಾರದು ಎನ್ನುವುದು, ಮೊದಲ ನೋಟಕ್ಕೆ ನ್ಯಾಯವಾಗಿ ಕಾಣುತ್ತದೆ. ನಾವು ಪುಕ್ಕಟೆ ಬರೆದದ್ದನ್ನು ಇನ್ಯಾರೋ ಮಾರಿ ದುಡ್ಡು ಮಾಡಿಕೊಳ್ಳುವುದೇ ಎಂಬ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ವ್ಯಾಪಾರ ಎಂದರೆ ಯಾವುದು? ಜಿಲ್ಲಾ ಕೇಂದ್ರದಲ್ಲಿ ಶುಲ್ಕ ತೆಗೆದುಕೊಂಡು ಕಂಪ್ಯೂಟರ್ ಕಲಿಸುವವರು ನಿಮ್ಮ ಕೈಪಿಡಿ ಹಂಚಬಹುದೇ? ಜಾಹೀರಾತು ಇರುವ ಮಾಸಪತ್ರಿಕೆ ಅದರ ಒಂದು ಅಧ್ಯಾಯ ಹಾಕಬಹುದೇ? ಕಾಲೇಜಿನ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯವನು ಪುಟಕ್ಕೆ ಇಷ್ಟೆಂದು ತೆಗೆದುಕೊಂಡು ಪ್ರತಿ ಮಾಡಿಕೊಟ್ಟರೆ ಅದು ವ್ಯಾಪಾರವೋ, ಸೇವೆಯೋ?

ಈ ಕೊನೆಯ ಪ್ರಶ್ನೆ ನಿಜವಾಗಿಯೂ ನ್ಯಾಯಾಲಯಕ್ಕೆ ಹೋಗಿದೆ. ಅಮೆರಿಕದ ಗ್ರೇಟ್ ಮೈಂಡ್ಸ್ ಎಂಬ ಸಂಸ್ಥೆ ತನ್ನ ಗಣಿತದ ಪಾಠಗಳನ್ನು ಎನ್‌ಸಿ ಪರವಾನಗಿಯಲ್ಲಿ ಬಿಟ್ಟಿತ್ತು. ಶಾಲೆಗಳು ಅದನ್ನು ಫೆಡೆಕ್ಸ್ ಆಫೀಸಿನ ಜೆರಾಕ್ಸ್ ಕೇಂದ್ರಗಳಲ್ಲಿ ಪ್ರತಿ ಮಾಡಿಸಿಕೊಂಡವು. ಪ್ರತಿ ಮಾಡಿದ್ದಕ್ಕೆ ಫೆಡೆಕ್ಸ್ ಹಣ ಪಡೆದಿದೆ, ಅದು ವ್ಯಾಪಾರ ಎಂದು ಸಂಸ್ಥೆ ದಾವೆ ಹೂಡಿತು. ಶಾಲೆಗೆ ಪ್ರತಿ ಮಾಡುವ ಹಕ್ಕಿದ್ದರೆ ಆ ಕೆಲಸವನ್ನು ಅಂಗಡಿಯವನಿಂದ ಮಾಡಿಸಿಕೊಳ್ಳುವ ಹಕ್ಕೂ ಇದೆ ಎಂದು 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಫೆಡೆಕ್ಸ್ ಪರವಾಗಿ ಹೇಳಿತು. ಜರ್ಮನಿಯ ಕಲೋನ್‌ನಲ್ಲಿ 2014ರಲ್ಲಿ ಸಾರ್ವಜನಿಕ ರೇಡಿಯೋ ಸಂಸ್ಥೆಯೊಂದು ಎನ್‌ಸಿ ಚಿತ್ರ ಬಳಸಿದ್ದು ವ್ಯಾಪಾರವೆಂದು ಕೆಳ ನ್ಯಾಯಾಲಯ ತೀರ್ಪಿತ್ತಿತು. ಅದೇ ವರ್ಷ ಮೇಲಿನ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ನ್ಯಾಯಾಧೀಶರಿಗೇ ಒಮ್ಮತವಿಲ್ಲದ ಪದವನ್ನು ನಮ್ಮ ಕೈಪಿಡಿಯ ಮುಖಪುಟದಲ್ಲಿ ಹಾಕಿಕೊಳ್ಳುವುದೇಕೆ? ದಾವೆಯ ಭಯ ಇರುವ ಪ್ರಾಮಾಣಿಕ ಜನ ಎನ್‌ಸಿ ಕಂಡು ಹಿಂದೆ ಸರಿಯುತ್ತಾರೆ, ಭಯವಿಲ್ಲದವರು ಹೇಗೂ ನಕಲು ಮಾಡುತ್ತಾರೆ. ಜೊತೆಗೆ, ಎನ್‌ಸಿ ಇರುವ ಬರಹವನ್ನು ಡೆಬಿಯನ್‌ನಂಥವರು ಮುಖ್ಯ ಭಂಡಾರಕ್ಕೆ ಸೇರಿಸಿಕೊಳ್ಳುವುದೂ ಇಲ್ಲ. ತಂತ್ರಾಂಶದ ಜೊತೆಗೇ ಹೋಗಬೇಕಾದ ಕೈಪಿಡಿ ಹೊರಗೆ ಉಳಿಯುತ್ತದೆ.

ಈಗ ನಾನು ಮೆಚ್ಚುವ ಒಂದು ಉದಾಹರಣೆ. ಓಪನ್ ಆಫೀಸಿನ ಸಮುದಾಯ ಲೇಖಕರ ಗುಂಪು ತಮ್ಮ ಮಾರ್ಗದರ್ಶಿ ಪುಸ್ತಕಗಳನ್ನು ಎರಡು ಪರವಾನಗಿಯಲ್ಲಿ ಒಟ್ಟಿಗೆ ಕೊಟ್ಟಿತ್ತು: ಜಿಪಿಎಲ್ ಅಥವಾ ಸಿಸಿ ಬೈ, ನಿಮಗೆ ಬೇಕಾದ್ದನ್ನು ಹಿಡಿಯಿರಿ, ಮುಂದಿನ ಆವೃತ್ತಿಯಾದರೂ ಸರಿ ಎಂದು. 2010ರ ಸೆಪ್ಟೆಂಬರಿನಲ್ಲಿ ಆ ತಂತ್ರಾಂಶ ಕವಲೊಡೆದು ಲಿಬ್ರೆ ಆಫೀಸ್ ಹುಟ್ಟಿತು. ಕೋಡು ಕವಲೊಡೆದರೆ ಮುಕ್ತ ತಂತ್ರಾಂಶದಲ್ಲಿ ಅದೇನೂ ವಿಶೇಷವಲ್ಲ. ಆದರೆ ಇಲ್ಲಿ ನೂರಾರು ಪುಟಗಳ ಕೈಪಿಡಿಗಳೂ ತಕರಾರಿಲ್ಲದೆ ಹೊಸ ಮನೆಗೆ ಬಂದವು. ಲಿಬ್ರೆ ಆಫೀಸಿನ ಹಳೆಯ ಮಾರ್ಗದರ್ಶಿಗಳ ಅಧ್ಯಾಯಗಳನ್ನು ತೆರೆದು ನೋಡಿ, ಇದು ಓಪನ್ ಆಫೀಸಿನ ಇಂಥ ಪುಸ್ತಕದ ಇಂಥ ಅಧ್ಯಾಯವನ್ನು ಆಧರಿಸಿದೆ ಎಂದು ಬರೆದು, ಹಿಂದಿನ ಲೇಖಕರ ಹೆಸರುಗಳನ್ನೂ ಕೊಟ್ಟಿರುತ್ತಾರೆ. ಇವತ್ತಿಗೂ ಆ ಮಾರ್ಗದರ್ಶಿಗಳು ಜಿಪಿಎಲ್ 3 ಅಥವಾ ಸಿಸಿ ಬೈ 4.0, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶದೊಂದಿಗೇ ಬರುತ್ತವೆ. ಅಲ್ಲಿ ಯಾರೂ ಪರವಾನಗಿಯ ಬಗ್ಗೆ ಪತ್ರ ಬರೆಯಬೇಕಾಗಲಿಲ್ಲ, ಮಾತುಕತೆಗೆ ಕೂರಬೇಕಾಗಲಿಲ್ಲ.

ಇದನ್ನು ನೋಡಿಯೇ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಸಮುದಾಯ ಬರೆಯುವ ಕೈಪಿಡಿಗೆ ತಂತ್ರಾಂಶದ ಪರವಾನಗಿಯನ್ನೇ ಕೊಡಿ, ಅದರ ಜೊತೆಗೆ ಸಿಸಿ ಬೈ-ಎಸ್‌ಎ 4.0 ಕೊಡಿ, ಪಡೆಯುವವರು ಆರಿಸಿಕೊಳ್ಳಲಿ. ಮೊದಲನೆಯದು ಇದ್ದರೆ ಕೋಡಿಗೂ ಕೈಪಿಡಿಗೂ ನಡುವೆ ವಾಕ್ಯಗಳು ಓಡಾಡುತ್ತವೆ. ಎರಡನೆಯದು ಇದ್ದರೆ ಕೈಪಿಡಿಯ ಬರಹ ವಿಕಿಪೀಡಿಯಕ್ಕೆ, ಪಠ್ಯಪುಸ್ತಕಕ್ಕೆ, ಮಾಸಪತ್ರಿಕೆಗೆ ಹೋಗುತ್ತದೆ. ಸಿಸಿ ಬೈ-ಎಸ್‌ಎ 4.0 ಒಂದೇ ಸಾಲದೇ ಎಂದು ಕೇಳಬಹುದು. ಆ ಪರವಾನಗಿಯ ಬರಹವನ್ನು ಜಿಪಿಎಲ್ 3ಕ್ಕೆ ಒಯ್ಯಬಹುದೆಂದು ಕ್ರಿಯೇಟಿವ್ ಕಾಮನ್ಸ್ 2015ರಲ್ಲಿ ಘೋಷಿಸಿದೆ ನಿಜ. ಆದರೆ ಅದು ಏಕಮುಖ ಸಂಚಾರ. ಹೋದದ್ದು ಹಿಂದಕ್ಕೆ ಬರುವುದಿಲ್ಲ. ಜಿಪಿಎಲ್ 2ಕ್ಕೆ, ಅಪಾಚೆಗೆ ಆ ದಾರಿಯೂ ಇಲ್ಲ. ಎಸ್‌ಎ ಬದಲು ಬರೀ ಬೈ ಸಾಕು ಎನ್ನುವವರೊಡನೆ ನಾನು ಜಗಳವಾಡುವುದಿಲ್ಲ. ಕುಬರ್ನೆಟಿಸ್ ಎಂಬ ತಂತ್ರಾಂಶದ ಕೈಪಿಡಿಗಳು ಸಿಸಿ ಬೈ 4.0 ಅಡಿಯಲ್ಲಿವೆ, ಅವುಗಳಿಗೇನೂ ಕೊರತೆಯಾಗಿಲ್ಲ. ದೊಡ್ಡ ಕಂಪನಿಗಳು ಸಂಬಳ ಕೊಟ್ಟು ಬರೆಸುವ ಕಡೆ ಅದು ಸರಿ. ಹವ್ಯಾಸಿಗಳು ರಾತ್ರಿ ಕೂತು ಬರೆಯುವ ಕಡೆ, ತಿದ್ದಿದವರು ತಿದ್ದಿದ್ದನ್ನು ಮರಳಿ ಕೊಡಲಿ ಎಂಬ ನಿರೀಕ್ಷೆ ತಪ್ಪಲ್ಲ.

ಒಂದು ಮರೆಯಬಾರದ ವಿಷಯ, ಕೈಪಿಡಿಯೊಳಗಿನ ಮಾದರಿ ಕೋಡು. ಓದುಗ ಅದನ್ನು ನಕಲು ಮಾಡಿ ತನ್ನ ಕೆಲಸಕ್ಕೆ ಅಂಟಿಸಿಕೊಳ್ಳಲೆಂದೇ ನಾವು ಅದನ್ನು ಕೊಟ್ಟಿರುತ್ತೇವೆ. ಅದಕ್ಕೂ ಬೈ-ಎಸ್‌ಎ ಹಾಕಿದರೆ ಐದು ಸಾಲು ಅಂಟಿಸಿಕೊಂಡ ಹುಡುಗ ಕಾನೂನಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಾನೆ. ಕ್ರಿಯೇಟಿವ್ ಕಾಮನ್ಸ್‌ನವರೇ ತಮ್ಮ ಆ ಆರು ಪರವಾನಗಿಗಳನ್ನು ಕೋಡಿಗೆ ಹಾಕಬೇಡಿ ಎನ್ನುತ್ತಾರೆ. ಜಾಲ ತಂತ್ರಜ್ಞಾನದ ಹೆಸರಾಂತ ಕೈಪಿಡಿ ಎಂಡಿಎನ್‌ನಲ್ಲಿ ಗದ್ಯ ಸಿಸಿ ಬೈ-ಎಸ್‌ಎ, ಆದರೆ 2010ರ ಆಗಸ್ಟ್ 20ರಿಂದ ಸೇರಿಸಿದ ಮಾದರಿ ಕೋಡೆಲ್ಲ ಸಿಸಿ ಸೊನ್ನೆ, ಅಂದರೆ ಯಾವ ಷರತ್ತೂ ಇಲ್ಲ. ಗ್ನೋಮ್‌ನವರೂ ತಮ್ಮ ಸಹಾಯ ಪುಟಗಳಲ್ಲಿ ಮಾದರಿ ಕೋಡಿಗೆ ಇಂಥದೇ ವಿನಾಯಿತಿ ಬರೆದಿದ್ದಾರೆ. ನಾವೂ ಒಂದು ಸಾಲು ಬರೆದರೆ ಸಾಕು.

ಇನ್ನು ನಮ್ಮ ನೆಲದ ಕಾನೂನು. ‘ಲೈಸೆನ್ಸ್ ಗೀಸೆನ್ಸ್ ಏನೂ ಬೇಡ, ಯಾರು ಬೇಕಾದರೂ ಬಳಸಬಹುದು ಅಂತ ಕನ್ನಡದಲ್ಲಿ ಒಂದು ಸಾಲು ಬರೆದರಾಯಿತು’ ಎನ್ನುವ ಗೆಳೆಯರಿದ್ದಾರೆ. ಅವರ ಮನಸ್ಸು ದೊಡ್ಡದು, ಆದರೆ ಹಕ್ಕುಸ್ವಾಮ್ಯ ಕಾಯ್ದೆಯ 19ನೇ ಕಲಂ ಬೇರೆ ಮಾತು ಹೇಳುತ್ತದೆ. ಹಕ್ಕು ವರ್ಗಾವಣೆಯಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಎಂದೇ ಅರ್ಥ. ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ. ಬೇರೆ ಮಾತಿಲ್ಲದಿದ್ದರೆ, ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸಬೇಕು, ಇಲ್ಲವಾದರೆ ಅದು ರದ್ದು. 30ಎ ಕಲಂ ಈ ನಿಯಮಗಳನ್ನು ಪರವಾನಗಿಗೂ ಅನ್ವಯಿಸುತ್ತದೆ. ನಿಮ್ಮ ಒಂದು ಸಾಲಿನ ಔದಾರ್ಯ ಐದು ವರ್ಷಕ್ಕೆ ಮುಗಿದುಹೋಯಿತು, ಶಾರ್ಜಾದಲ್ಲೋ ಸಿಂಗಪುರದಲ್ಲೋ ಕೂತ ಕನ್ನಡಿಗನಿಗೆ ಮೊದಲೇ ಸಿಗಲಿಲ್ಲ ಎಂದು ವಾದಿಸಲು ವಕೀಲರಿಗೆ ಜಾಗ ಬಿಟ್ಟಂತಾಯಿತು. ಕ್ರಿಯೇಟಿವ್ ಕಾಮನ್ಸ್ 4.0ರಲ್ಲಿ ಇಡೀ ಜಗತ್ತಿಗೆ, ಹಕ್ಕುಸ್ವಾಮ್ಯ ಇರುವಷ್ಟು ಕಾಲ, ಹಿಂಪಡೆಯಲಾಗದಂತೆ ಎಂದು ಸ್ಪಷ್ಟವಾಗಿ ಬರೆದಿದೆ. ಇದನ್ನೆಲ್ಲ ಕೂತು ಯೋಚಿಸಿದವರು ಬರೆದಿಟ್ಟಿರುವಾಗ ನಾವು ಸ್ವಂತ ಪರವಾನಗಿ ಹೊಸೆಯುವ ಉಮೇದು ತೋರಿಸಬೇಕಾಗಿಲ್ಲ. ‘ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ’ ಎಂಬ ಅಚ್ಚಿನ ಮನೆಯ ಅಭ್ಯಾಸದ ಸಾಲನ್ನೂ, ‘ಎಲ್ಲರೂ ಮುಕ್ತವಾಗಿ ಹಂಚಿರಿ’ ಎಂಬುದನ್ನೂ ಒಂದೇ ಪುಟದಲ್ಲಿ ಹಾಕುವುದನ್ನಂತೂ ದಯವಿಟ್ಟು ನಿಲ್ಲಿಸಿ.

ಅನುಮತಿ ಬರಹದಲ್ಲಿರಬೇಕು ಎನ್ನುತ್ತದೆ 30ನೇ ಕಲಂ. ಸಹಿ ಇರಬೇಕೆಂಬ ಮಾತು 2012ರ ತಿದ್ದುಪಡಿಯಲ್ಲಿ ಹೋಯಿತು. ಹಾಗಾಗಿ ಪ್ರತಿಯೊಬ್ಬ ಲೇಖಕನಿಂದ ಛಾಪಾ ಕಾಗದ ಬರೆಸಿಕೊಳ್ಳುವ ಅಗತ್ಯವಿಲ್ಲ. ಲಿನಕ್ಸ್ ಕರ್ನಲ್‌ನವರು 2004ರಿಂದ ಮಾಡುತ್ತಿರುವಂತೆ, ಪ್ರತಿ ಕೊಡುಗೆಯ ಜೊತೆ ‘ಇದನ್ನು ಈ ಯೋಜನೆಯ ಪರವಾನಗಿಯಲ್ಲಿ ಕೊಡುವ ಹಕ್ಕು ನನಗಿದೆ’ ಎಂದು ಹೆಸರು, ಇಮೇಲ್ ಸಹಿತ ಒಂದು ಸಾಲು ಸೇರಿಸುವ ಪದ್ಧತಿ ಮಾಡಿಕೊಂಡರೆ ಸಾಕಷ್ಟಾಯಿತು.

ಕನ್ನಡದಲ್ಲಿ ನಾವು ಮಾಡುವ ಕೆಲಸ ಬಹುಪಾಲು ಅನುವಾದ. ಅನುವಾದದಲ್ಲಿ ಪರವಾನಗಿಯ ಆಯ್ಕೆ ನಮ್ಮದಲ್ಲ, ಮೂಲದ್ದು. ಅನುವಾದದ ಪಿಒ ಕಡತ ತೆರೆದು ಕೆಲಸ ಮಾಡಿದವರಿಗೆ ನೆನಪಿರಬಹುದು, ತಲೆಯ ಭಾಗದಲ್ಲೇ ಈ ಕಡತ ‘ಪ್ಯಾಕೇಜ್’ನ ಪರವಾನಗಿಯಲ್ಲೇ ವಿತರಣೆಯಾಗುತ್ತದೆ ಎಂಬ ಸಾಲು ಇರುತ್ತದೆ. ಆ ‘ಪ್ಯಾಕೇಜ್’ ಎಂಬಲ್ಲಿ ತಂತ್ರಾಂಶದ ಹೆಸರು ತುಂಬಬೇಕು. ತುಂಬದೆ ಹಾಗೇ ಬಿಟ್ಟ ಕಡತಗಳು ಇವತ್ತಿಗೂ ಸಿಗುತ್ತವೆ. ಮೂಲದ ಷರತ್ತು ಸಡಿಲವಾಗಿದ್ದ ಕಡೆ ಕನ್ನಡಕ್ಕೆ ಲಾಭವಾಗಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳು ಸಿಸಿ ಬೈ-ಎಸ್‌ಎ ಅಡಿಯಲ್ಲಿವೆ. ಅವು ಕನ್ನಡದಲ್ಲೂ ಕೇಳಲು ಸಿಗುತ್ತವೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಸಿಸಿ ಬೈ-ಎಸ್‌ಎ ಅಡಿ ಬಿಟ್ಟಾಗ ಆ ಬರಹ ಕನ್ನಡ ವಿಕಿಪೀಡಿಯಕ್ಕೆ ಹರಿದು ಬರಲು ದಾರಿಯಾಯಿತು. ಅಲ್ಲಿ ತೀರ್ಮಾನ ಮಾಡಲು ಒಂದು ವಿಶ್ವವಿದ್ಯಾನಿಲಯವಿತ್ತು. ಸಮುದಾಯದ ಕೈಪಿಡಿಗೆ ಅಂಥ ಒಬ್ಬನೇ ಯಜಮಾನನಿಲ್ಲ.

ಆದ್ದರಿಂದ ಇಲ್ಲಿ ಕೂತಿರುವ, ಕನ್ನಡದ ಕೀಲಿಮಣೆಗೋ ಕಾಗುಣಿತ ತಿದ್ದುಗಕ್ಕೋ ನಿಘಂಟಿನ ಆಪಿಗೋ ಸಹಾಯ ಪುಟ ಬರೆಯುತ್ತಿರುವ ತರುಣರಲ್ಲಿ ಎರಡು ಕೋರಿಕೆ. ಹೊಸದಾಗಿ ಶುರುಮಾಡುವವರು ಮೊದಲ ಅಧ್ಯಾಯಕ್ಕೂ ಮುಂಚೆ ಪರವಾನಗಿಯ ಕಡತ ಹಾಕಿ: ತಂತ್ರಾಂಶದ ಪರವಾನಗಿಯ ಹೆಸರು, ಸಿಸಿ ಬೈ-ಎಸ್‌ಎ 4.0, ಮಾದರಿ ಕೋಡಿಗೆ ಸಿಸಿ ಸೊನ್ನೆ, ಆವೃತ್ತಿ ಸಂಖ್ಯೆ ಮತ್ತು ಕೊಂಡಿ ಸಹಿತ. ಈಗಾಗಲೇ ಬರೆದು, ಏನೂ ಹಾಕದೆ ಬಿಟ್ಟವರು ಈ ವಾರವೇ ಕೂತು ಯಾರ್ಯಾರು ಬರೆದಿದ್ದಾರೆಂದು ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಪತ್ರ ಬರೆದು ಒಪ್ಪಿಗೆಯನ್ನು ಬರಹದಲ್ಲಿ ತರಿಸಿಕೊಳ್ಳಿ. ಅವರಲ್ಲಿ ಹೆಚ್ಚಿನವರ ವಿಳಾಸ ಇವತ್ತು ನಿಮ್ಮ ಬಳಿ ಇದೆ. ಇನ್ನೈದು ವರ್ಷಕ್ಕೆ ಇರುವುದಿಲ್ಲ.